ಕುಚ್ಚು ಬಾಲದ ಇಲಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಬೀದರ್ ಕಡೆಯ ಹೊಲವೊಂದರಲ್ಲಿ ರಾತ್ರಿ ತೆಗೆದ ಇಲಿಯ ಫೋಟೋ ಹಾಕಿ, 'ಇದು ಜರ್ಬಿಲ್' ಅಂತ ಎರಡೇ ಸಾಲು ಬರೆದಿದ್ದೆವು. ಅಷ್ಟಕ್ಕೇ ಪತ್ರ, ವಾಟ್ಸಾಪ್ ಮೆಸೇಜು ಒಂದರ ಹಿಂದೊಂದು ಬಂದವು. ಹೆಚ್ಚಿನವು ಕಲಬುರಗಿ, ಬೀದರ್, ಯಾದಗಿರಿಯವೇ. ಒಂದೇ ಥರದ್ದನ್ನೆಲ್ಲ ಸೇರಿಸಿ ಇಲ್ಲಿ ಉತ್ತರ ಕೊಟ್ಟಿದ್ದೇನೆ. 'ಒಂದೇ ಸಲಕ್ಕೆ ಎಲ್ಲಾ ಇಲಿ ಸಾಯುವ ಔಷಧಿ ಹೇಳಿ' ಅಂತ ಕೇಳಿದವರೇ ಜಾಸ್ತಿ. ಅಂಥ ಔಷಧಿ ಇಲ್ಲ. ಇದ್ದಿದ್ದರೆ ಇಷ್ಟು ಹೊತ್ತಿಗೆ ನಿಮ್ಮೂರಿನ ಅಂಗಡಿಗೇ ಬಂದಿರುತ್ತಿತ್ತು.

ಪ್ರಶ್ನೆ: ರಾತ್ರಿ ಬೈಕಿನ ಲೈಟಿನಾಗ ಒಂದು ಇಲಿ ಕಾಂಗರೂ ಹಂಗ ಜಿಗಿದು ಹೋಯ್ತು ಸರ. ಬಾಲದ ತುದಿಗೆ ಕರೀ ಕೂದಲ ಇತ್ತು. ಊರಾಗ ಹೇಳಿದ್ರ ಯಾರೂ ನಂಬವಲ್ಲರು. ಅದೇನು?
— ರೈತರೊಬ್ಬರು, ಔರಾದ್ ತಾಲ್ಲೂಕು

ನೀವು ನೋಡಿದ್ದು ನಿಜ. ಅದು ಭಾರತದ ಜರ್ಬಿಲ್. ವಿಜ್ಞಾನದ ಹೆಸರು ಟಟೇರಾ ಇಂಡಿಕಾ. ಮೈ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ, ಬಾಲ ಮೈಗಿಂತ ಉದ್ದ. ಬೆನ್ನು ಕಂದು, ಹೊಟ್ಟೆ ಅಚ್ಚ ಬಿಳಿ. ಕಣ್ಣು ದೊಡ್ಡವು, ಹಾಗಾಗಿ ಲೈಟಿಗೆ ಹೊಳೆದಿರಬೇಕು. ಮನೆ ಇಲಿಯ ಬಾಲ ಬೋಳು ಬೋಳಾಗಿರುತ್ತದೆ, ಇದರ ಬಾಲದ ತುಂಬ ಕೂದಲು. ಮೇಲೂ ಕೆಳಗೂ ಕಪ್ಪು, ಪಕ್ಕಗಳಲ್ಲಿ ತಿಳಿ ಬಣ್ಣ, ತುದಿಯಲ್ಲಿ ನೀವು ಹೇಳಿದ ಕುಚ್ಚು. ಇಷ್ಟು ನೋಡಿದರೆ ಸಾಕು, ಬೇರೆ ಇಲಿ ಅಂತ ತಪ್ಪು ತಿಳಿಯೋಕೆ ಆಗೋದಿಲ್ಲ.

ಕಾಂಗರೂಗೂ ಇದಕ್ಕೂ ಸಂಬಂಧ ಏನೂ ಇಲ್ಲ. ಸುಮ್ಮನೆ ಓಡಾಡುವಾಗ ಇದು ನಾಲ್ಕೂ ಕಾಲಲ್ಲೇ ನಡೆಯುತ್ತದೆ. ಬೆದರಿದಾಗ ಮಾತ್ರ ಉದ್ದನೆಯ ಹಿಂಗಾಲು ಒತ್ತಿ ಜಿಗಿಯುತ್ತದೆ, ತಿರುವಿನಲ್ಲಿ ಮೈ ವಾಲದಂತೆ ಬಾಲವೇ ತಡೆಹಿಡಿಯುತ್ತದೆ. ಬೀದರಿನ ಕೆಂಪು ಜಂಬಿಟ್ಟಿಗೆ ಭೂಮಿ, ಮಸಾರಿ ಹೊಲ, ನೀರು ನಿಲ್ಲದ ಬದು, ಪಾಳು ಬಿದ್ದ ಗಾಯರಾಣ, ಇವೆಲ್ಲ ಅದಕ್ಕೆ ಸರಿಹೊಂದುವ ಜಾಗ. ಊರವರು ನಂಬದೇ ಇರೋದಕ್ಕೆ ಕಾರಣ ಇಷ್ಟೇ, ಅದು ಹಗಲು ಹೊರಗೆ ಬರೋದಿಲ್ಲ. ಬದುವಿನಲ್ಲಿ ಅದರ ಬಿಲಕ್ಕೆ ಹಲವು ಬಾಯಿ ಇರುತ್ತವೆ, ಎಲ್ಲವೂ ಇಳಿಜಾರಾಗಿ ಒಳಗೆ ಹೋಗಿ ಒಣಹುಲ್ಲು ಹಾಸಿದ ಗೂಡು ಸೇರುತ್ತವೆ. ಕೆಲವು ದಾರಿಗಳು ನೆಲದ ಮೇಲ್ಮೈಗೆ ಇನ್ನೇನು ತಾಗಬೇಕು ಅನ್ನುವಲ್ಲಿ ನಿಂತಿರುತ್ತವೆ, ತೆಳ್ಳನೆ ಮಣ್ಣಿನ ಪದರ ಮಾತ್ರ ಉಳಿದಿರುತ್ತದೆ. ಹಾವೋ ಮುಂಗುಸಿಯೋ ಒಳಗೆ ನುಗ್ಗಿದರೆ ತಲೆಯಿಂದ ಗುದ್ದಿ ಆ ಕಡೆಯಿಂದ ಪಾರು. ನೀವು ಒಂದು ಬಾಯಿಗೆ ಹೊಗೆ ಹಾಕಿ ಕಾಯುತ್ತಾ ಕೂತಾಗ ಅದು ನಿಮ್ಮ ಬೆನ್ನ ಹಿಂದಿನಿಂದ ಹೋಗಿರುತ್ತದೆ.

ಪ್ರಶ್ನೆ: ಇದು ನೀರೇ ಕುಡಿಯುವುದಿಲ್ಲವಂತೆ, ಹೌದಾ?
— ಓದುಗರು, ಸೇಡಂ

ಅರ್ಧ ಹೌದು. ಜರ್ಬಿಲ್‌ಗಳು ಮರುಭೂಮಿಗೆ, ಒಣ ಬಯಲಿಗೆ ಒಗ್ಗಿದ ಗುಂಪು. ಮೂತ್ರಪಿಂಡ ನೀರನ್ನು ಹಿಂಡಿ ವಾಪಸ್ ತೆಗೆದುಕೊಳ್ಳುತ್ತದೆ, ಮೂತ್ರ ಬಹಳ ಗಟ್ಟಿ ಮತ್ತು ಕಡಿಮೆ. ತಿಂದ ಕಾಳು ಮೈಯಲ್ಲಿ ಕರಗುವಾಗ ಹುಟ್ಟುವ ನೀರೂ ಅದಕ್ಕೆ ಲೆಕ್ಕವೇ. ರಾಜಸ್ಥಾನದಲ್ಲಿ ಇನ್ನೊಂದು ಜಾತಿ ಇದೆ, ಮೆರಿಯೋನಿಸ್ ಹರಿಯಾನೀ ಅಂತ. ಅದು ಒಣ ಬೀಜದ ಮೇಲೇ ಬಹಳ ದಿನ ದೂಡುತ್ತದೆ, ಮೇಲಾಗಿ ಹಗಲಲ್ಲೇ ಓಡಾಡುತ್ತದೆ. ನಮ್ಮ ಕಡೆಯದು ಅಷ್ಟು ಗಟ್ಟಿಯಲ್ಲ. ಬೀಜದ ಜೊತೆ ಬೇರು, ಎಲೆ, ಹುಳಹುಪ್ಪಟೆ ಎಲ್ಲ ತಿಂದು ಅದರಿಂದಲೇ ನೀರು ಹೊಂದಿಸಿಕೊಳ್ಳುತ್ತದೆ.

ಪ್ರಶ್ನೆ: ಹಳೆಯ ಪುಸ್ತಕದಲ್ಲಿ ಜರ್ಬಿಲ್ ಅನ್ನು ಹ್ಯಾಮ್‌ಸ್ಟರ್ ಜೊತೆ ಕ್ರೈಸಿಟಿಡೇ ಕುಟುಂಬದಲ್ಲಿ ಇಟ್ಟಿದ್ದಾರೆ. ಹೊಸದರಲ್ಲಿ ಮ್ಯೂರಿಡೇ ಅಂತಿದೆ. ಟಟೇರಾ ಆಫ್ರಿಕಾದಲ್ಲೂ ಇದೆ ಅಂತ ಒಂದು, ಇಲ್ಲ ಅಂತ ಇನ್ನೊಂದು. ಪರೀಕ್ಷೆಯಲ್ಲಿ ಯಾವುದು ಬರೆಯಲಿ ಸರ್?
— ಬಿಎಸ್ಸಿ ವಿದ್ಯಾರ್ಥಿನಿ, ಕಲಬುರಗಿ

ಹೊಸದನ್ನೇ ಬರೆಯಮ್ಮ. ಆದರೆ ಹಳೆಯವರು ಯಾಕೆ ಹಾಗೆ ಬರೆದರು ಅಂತ ತಿಳಿದುಕೊಂಡು ಬರೆದರೆ ನೆನಪಿನಲ್ಲೂ ಉಳಿಯುತ್ತದೆ.

ಈ ಪ್ರಾಣಿಗೆ ಮೊದಲು ಹೆಸರಿಟ್ಟವರು ಥಾಮಸ್ ಹಾರ್ಡ್‌ವಿಕ್, ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಬನಾರಸ್ ಮತ್ತು ಹರಿದ್ವಾರದ ನಡುವೆ ಸಿಕ್ಕ ಪ್ರಾಣಿಯನ್ನು ನೋಡಿ 1807ರಲ್ಲಿ 'ಡೈಪಸ್ ಇಂಡಿಕಸ್' ಅಂದರು. ಡೈಪಸ್ ಅಂದರೆ ಜರ್ಬೋವಾಗಳ, ಅಂದರೆ ಹಿಂಗಾಲಲ್ಲೇ ಜಿಗಿಯುವ ಮರುಭೂಮಿಯ ಇಲಿಯಂಥ ಪ್ರಾಣಿಗಳ, ಗಣ (ಹತ್ತಿರದ ಜಾತಿಗಳ ಗುಂಪು). ಹಿಂಗಾಲು ಉದ್ದ, ಜಿಗಿಯುತ್ತದೆ, ಬಾಲದಲ್ಲಿ ಕುಚ್ಚು, ಸರಿ ಜರ್ಬೋವಾನೇ ಅಂದುಕೊಂಡರು. ಆದರೆ ಜರ್ಬೋವಾ ಬೇರೆಯದೇ ಕುಟುಂಬ. ಒಣ ಬಯಲಿನಲ್ಲಿ ಬದುಕುವ ಪ್ರಾಣಿಗಳಿಗೆ ಹೀಗೆ ಕಾಲು ಉದ್ದವಾಗುವುದು, ಕಿವಿಯೊಳಗಿನ ಮೂಳೆ ಉಬ್ಬುವುದು ಬೇರೆ ಬೇರೆ ಕಡೆ ಬೇರೆ ಬೇರೆಯಾಗಿ ನಡೆದಿದೆ. ಹೊರಗಿನ ರೂಪ ನಂಬಿದರೆ ಮೋಸ ಹೋಗೋದು ಇಲ್ಲೇ. 1882ರಲ್ಲಿ ಫ್ರಾನ್ಸಿನ ಲಾಟಾಸ್ಟ್ ಟಟೇರಾ ಎಂಬ ಗಣ ಮಾಡಿದರು. ಆಮೇಲೆ ಆಫ್ರಿಕಾದ ಹಲವು ದೊಡ್ಡ ಜರ್ಬಿಲ್‌ಗಳನ್ನೂ ಅದರೊಳಗೆ ತುಂಬಿದರು. ತಲೆಬುರುಡೆ, ಹಲ್ಲು ನೋಡಿದರೆ ಹೌದು ಅನಿಸುವಷ್ಟು ಹೋಲಿಕೆ ಇತ್ತು.

ವರ್ಣತಂತು (ಕ್ರೋಮೋಸೋಮ್) ಎಣಿಸಿ, ಡಿಎನ್ಎ ಓದೋಕೆ ಶುರು ಮಾಡಿದ ಮೇಲೆ ಕಥೆ ಬದಲಾಯಿತು. ಆಫ್ರಿಕಾದವು ಒಂದು ಕವಲು, ನಮ್ಮದು ಇನ್ನೊಂದು. ಈಗ ಆಫ್ರಿಕಾದವಕ್ಕೆ ಜರ್ಬಿಲಿಸ್ಕಸ್ ಅಂತ ಬೇರೆ ಗಣ. ಟಟೇರಾ ಗಣದಲ್ಲಿ ಉಳಿದದ್ದು ಒಂದೇ ಒಂದು ಜಾತಿ, ನಮ್ಮ ಇಂಡಿಕಾ. ಹೆಸರಲ್ಲಿ ಇಂಡಿಕಾ ಇದ್ದರೂ ಶ್ರೀಲಂಕಾದಿಂದ ಹಿಡಿದು ಪಾಕಿಸ್ತಾನ, ಇರಾನ್ ದಾಟಿ ಸಿರಿಯಾ ಕಡೆವರೆಗೂ ಹರಡಿದೆ.

ಇನ್ನು ಕುಟುಂಬದ ವಿಷಯ. ದವಡೆ ಹಲ್ಲಿನ ಮೇಲ್ಮೈ ನೋಡಿ ಜರ್ಬಿಲ್ ಹ್ಯಾಮ್‌ಸ್ಟರ್‌ಗೆ ಹತ್ತಿರ ಅಂದರು ಕೆಲವರು, ಅದಕ್ಕೆ ಬೇರೆಯದೇ ಕುಟುಂಬ ಬೇಕು ಅಂದರು ಇನ್ನು ಕೆಲವರು. ಡಿಎನ್ಎ ಹೇಳಿದ್ದು: ಇವು ಮನೆ ಇಲಿ, ಹೆಗ್ಗಣಗಳ ಕುಟುಂಬವೇ, ಅಂದರೆ ಮ್ಯೂರಿಡೇ, ಅದರಲ್ಲಿ ಜರ್ಬಿಲಿನೇ ಎಂಬ ಉಪಕುಟುಂಬ. ಸುಮಾರು 100 ಜಾತಿಗಳು. ಇದರಲ್ಲಿ ನನಗೆ ಬಹಳ ಇಷ್ಟವಾದ ವಿಷಯ ಬೇರೆ ಇದೆ. ಮೈಮೇಲೆ ಮುಳ್ಳಿನಂಥ ಕೂದಲಿರುವ ಏಕೋಮಿಸ್ ಎಂಬ ಸಣ್ಣ ಇಲಿಗಳನ್ನು ಎಲ್ಲರೂ ಕಣ್ಣುಮುಚ್ಚಿ ಮಾಮೂಲಿ ಇಲಿಗಳ ಜೊತೆ ಇಟ್ಟಿದ್ದರು. 1990ರ ದಶಕದಲ್ಲಿ ಡಿಎನ್ಎ ನೋಡಿದರೆ ಅವುಗಳ ನೆಂಟಸ್ತಿಕೆ ಜರ್ಬಿಲ್ ಜೊತೆ! ನೋಡೋಕೆ ಒಂದಕ್ಕೊಂದು ಹೋಲಿಕೆಯೇ ಇಲ್ಲ.

ವರ್ಣತಂತುವಿನ ಲೆಕ್ಕವೂ ಈ ಗುಂಪಿನಲ್ಲಿ ವಿಚಿತ್ರ. ಮಂಗೋಲಿಯಾದ ಜರ್ಬಿಲ್‌ಗೆ 44. ಈಜಿಪ್ಟಿನ ಮರಳಲ್ಲಿರುವ ಜರ್ಬಿಲಸ್ ಜರ್ಬಿಲಸ್ ಎಂಬುದರಲ್ಲಿ ಹೆಣ್ಣಿಗೆ 42, ಗಂಡಿಗೆ 43. ಹಿಂದೆ ಒಂದು ಮಾಮೂಲಿ ವರ್ಣತಂತು ಲಿಂಗ ನಿರ್ಧರಿಸುವ ಎಕ್ಸ್‌ಗೆ ಅಂಟಿಕೊಂಡಿದ್ದರ ಫಲ ಇದು. ಹೊರಗೆ ನೋಡಲು ಒಂದೇ ಥರ ಇರುವ ಎರಡು ಜರ್ಬಿಲ್‌ಗಳು ಬೇರೆ ಬೇರೆ ಜಾತಿ ಅಂತ ವರ್ಣತಂತು ಎಣಿಸಿದ ಮೇಲೆಯೇ ಗೊತ್ತಾದ ಉದಾಹರಣೆಗಳು ಆಫ್ರಿಕಾದಲ್ಲಿ ಬೇಕಾದಷ್ಟಿವೆ. ಇದನ್ನು ಪರೀಕ್ಷೆಯಲ್ಲಿ ಒಂದು ಸಾಲು ಸೇರಿಸು, ಮಾರ್ಕ್ಸ್ ಬಂದರೂ ಬರಬಹುದು.

ಪ್ರಶ್ನೆ: ನಾವು ಗೆಳೆಯರು ಅಷ್ಟೂರಿನ ಗುಮ್ಮಟಗಳ ಕಡೆ ಹೋದಾಗ ಗೂಬೆ ಕೂರುವ ಜಾಗದ ಕೆಳಗೆ ಕೂದಲು, ಎಲುಬು ತುಂಬಿದ ಕಪ್ಪು ಉಂಡೆ ಸಿಕ್ಕವು. ಪ್ರಾಜೆಕ್ಟ್ ಮಾಡಬಹುದಾ? ಅದರಲ್ಲಿ ಜರ್ಬಿಲ್ ಇದೆಯಾ ಅಂತ ಹೇಗೆ ತಿಳಿಯೋದು?
— ಪಿಯುಸಿ ವಿದ್ಯಾರ್ಥಿಗಳು, ಬೀದರ್

ಖಂಡಿತ ಮಾಡಿ, ಇದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಕಾಸಿಲ್ಲದೆ ಸಿಗೋದಿಲ್ಲ. ಅದು ಗೂಬೆಯ ಹಿಕ್ಕೆ ಅಲ್ಲ. ಗೂಬೆ ಇಲಿಯನ್ನು ಇಡಿಯಾಗಿ ನುಂಗುತ್ತದೆ, ಜೀರ್ಣವಾಗದ ಕೂದಲು, ಮೂಳೆಯನ್ನು ಉಂಡೆ ಮಾಡಿ ಬಾಯಿಂದ ಉಗುಳುತ್ತದೆ. ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ. ಉಂಡೆಯನ್ನು ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಚಿಮುಟದಿಂದ ಮೆಲ್ಲಗೆ ಬಿಡಿಸಿ. ಕೂದಲು ತೇಲುತ್ತದೆ, ತಲೆಬುರುಡೆ ಮತ್ತು ದವಡೆ ಉಳಿಯುತ್ತವೆ.

ಈಗ ಮೇಲ್ದವಡೆಯ ಮುಂದಿನ ಎರಡು ಬಾಚಿಹಲ್ಲು ನೋಡಿ. ಕಿತ್ತಳೆ ಬಣ್ಣದ ಎನಾಮೆಲ್ ಮೇಲೆ ಮೇಲಿನಿಂದ ಕೆಳಗೆ ಒಂದು ತೋಡು ಇದೆಯಾ? ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ, ಕಾಣದಿದ್ದರೆ ಗುಂಡುಪಿನ್ನಿನ ತುದಿ ಅಡ್ಡಡ್ಡ ಎಳೆಯಿರಿ, ಸಣ್ಣಗೆ ತಡೆಯುತ್ತದೆ. ಒಂದೊಂದು ಹಲ್ಲಿಗೂ ಒಂದೊಂದು ತೋಡು ಇದ್ದು ಬುರುಡೆಯೂ ದೊಡ್ಡದಿದ್ದರೆ ಜರ್ಬಿಲ್. ಮನೆ ಇಲಿ, ಹೆಗ್ಗಣಕ್ಕೆ ಈ ಹಲ್ಲು ನುಣುಪು. ಒಂದು ಎಚ್ಚರ: ಪೊದೆ ಇಲಿ, ಅಂದರೆ ಗೊಲುಂಡಾ, ಅದಕ್ಕೂ ಬಾಚಿಹಲ್ಲಲ್ಲಿ ತೋಡು ಇರುತ್ತದೆ. ಆಗ ಬುರುಡೆ ಮಗುಚಿ ಹಾಕಿ ಕಿವಿಯ ಹತ್ತಿರದ ಮೂಳೆ ನೋಡಿ. ಜರ್ಬಿಲ್‌ದು ಎರಡೂ ಕಡೆ ಗುಳ್ಳೆ ಎದ್ದ ಹಾಗೆ ದೊಡ್ಡದು, ತೆಳುವಾದ ಗೋಡೆ, ಒಳಗೆ ಟೊಳ್ಳು. ಕಡಿಮೆ ಕಂಪನದ ಸದ್ದು ಹಿಡಿಯೋಕೆ ಈ ಟೊಳ್ಳು ಬೇಕು. ಗೂಬೆಯ ರೆಕ್ಕೆ ಬಡಿತ, ಹಾವು ಹರಿದ ಸದ್ದು ಅಂಥವೇ. ಮರುಭೂಮಿಯ ಜಾತಿಗಳಲ್ಲಿ ಇದು ಇನ್ನೂ ದೊಡ್ಡದು. ನಿಮಗೆ ಉಂಡೆಯಲ್ಲಿ ಸಿಕ್ಕ ಬುರುಡೆಗೆ ಅಷ್ಟಾದರೂ ಕೇಳಿಸಲಿಲ್ಲ ಅಂದರೆ ಕಣಜ ಗೂಬೆ ಎಷ್ಟು ಸದ್ದಿಲ್ಲದೆ ಹಾರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಗೂಬೆ ಮರಿ ಮಾಡಿದ್ದರೆ ಮಾತ್ರ ಆ ಕಡೆ ಸುಳಿಯಬೇಡಿ.

ಪ್ರಶ್ನೆ: ನಮ್ಮ ಭತ್ತದ ಗದ್ದಿ ಬದುವಿನಾಗ ತೂತೇ ತೂತು. ತೂತಿನ ಮುಂದ ಹಸಿ ಮಣ್ಣಿನ ಗುಡ್ಡಿ ಹಾಕ್ಯಾವ. ಇವೂ ಜರ್ಬಿಲ್ಲೇ ಏನ್ರೀ?
— ರೈತರು, ಶಹಾಪುರ ತಾಲ್ಲೂಕು

ಅಲ್ಲರೀ. ಕಾಲುವೆ ನೀರು, ಭತ್ತ, ಬಿಲದ ಬಾಯಿಗೆ ಹಸಿ ಮಣ್ಣಿನ ಗುಡ್ಡೆ, ಇಷ್ಟೂ ಸೇರಿದರೆ ಅದು ಸಣ್ಣ ಹೆಗ್ಗಣ, ಬ್ಯಾಂಡಿಕೋಟಾ ಬೆಂಗಾಲೆನ್ಸಿಸ್. ಜರ್ಬಿಲ್‌ಗೆ ತೇವ ಆಗೋದಿಲ್ಲ. ಅದರ ಬಿಲದ ಬಾಯಿ ತೆರೆದು ಚೊಕ್ಕವಾಗಿರುತ್ತದೆ. ಹೆಗ್ಗಣ ಒಳಗೆ ತೆನೆ ಕೂಡಿಡುತ್ತದೆ, ಕೊಯ್ಲಾದ ಮೇಲೆ ಬದು ಅಗೆದು ಕಾಳು ತೆಗೆಯುವ ಜನರನ್ನು ನೀವೂ ನೋಡಿರುತ್ತೀರಿ. ನಿಮ್ಮ ಸಮಸ್ಯೆಗೆ ಮೊದಲ ಕೆಲಸ ಬದುವನ್ನು ಸಣ್ಣ ಮಾಡೋದು. ಅಗಲ ಬದು ಇದ್ದಷ್ಟೂ ಹೆಗ್ಗಣಕ್ಕೆ ಮನೆ ಕಟ್ಟಲು ಜಾಗ.

ಪ್ರಶ್ನೆ: ಎರೆ ಹೊಲದಲ್ಲಿ ತೊಗರಿ, ಜೋಳ ಹಾಕುತ್ತೇವೆ. ಮುಂಗಾರು ಕೈಕೊಟ್ಟ ವರ್ಷ ಇಲಿ ಕಾಟ ಜಾಸ್ತಿ ಅಂತ ನಮ್ಮ ತಂದೆಯವರು ಹೇಳುತ್ತಾರೆ. ನಿಜವಾ? ಯಾವ ವಿಷ ಹಾಕಬೇಕು?
— ಓದುಗರು, ಜೇವರ್ಗಿ

ನಿಮ್ಮ ತಂದೆಯವರು ಹೇಳಿದ್ದು ಸರಿ. ಅದಕ್ಕೆ ಸುಮಾರು 200 ವರ್ಷ ಹಳೆಯ ಸಾಕ್ಷಿಯೇ ಇದೆ. ಧಾರವಾಡದಲ್ಲಿ ಕಂಪನಿ ಸರ್ಕಾರದ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಈ ಭಾಗದ ಪ್ರಾಣಿಗಳ ಪಟ್ಟಿ ಮಾಡಿ 1839ರಲ್ಲಿ ಪ್ರಕಟಿಸಿದರು. ಎರೆ ಭೂಮಿಯ ಬಿರುಕಿನಲ್ಲಿ ವಾಸಿಸುವ, ಮೆತ್ತನೆ ಕೂದಲಿನ ಒಂದು ಇಲಿಯ ಬಗ್ಗೆ ಅದರಲ್ಲಿ ಬರೆದಿದ್ದಾರೆ. ಈಗ ಅದರ ಹೆಸರು ಮಿಲ್ಲಾರ್ಡಿಯಾ ಮೆಲ್ಟಾಡಾ. ನಿಮ್ಮ ಹೊಲದಲ್ಲಿ ಇರೋದು ಜರ್ಬಿಲ್‌ಗಿಂತ ಜಾಸ್ತಿ ಇದೇ ಇರಬೇಕು. ಇದು ಜಿಗಿಯೋದಿಲ್ಲ, ಬಾಲ ಮೈಗಿಂತ ಗಿಡ್ಡ, ಕುಚ್ಚು ಇಲ್ಲ.

ಪ್ರತಿ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆಗೆ ಬಿರುಕಿನೊಳಗೆ ನೀರು ನುಗ್ಗಿ, ಎರೆ ಮಣ್ಣು ಉಬ್ಬಿ ಮುಚ್ಚಿಕೊಂಡು ಇವು ರಾಶಿ ರಾಶಿ ಸಾಯುತ್ತವೆ. 1826ರಲ್ಲಿ ಆರಂಭದ ಮಳೆ ಸರಿಯಾಗಿ ಬರಲಿಲ್ಲ. ಬಿರುಕು ತೆರೆದೇ ಇದ್ದವು, ಇಲಿಗಳು ಸಾಯಲಿಲ್ಲ, ಮರಿ ಮೇಲೆ ಮರಿ ಹಾಕಿದವು. ಬಿತ್ತಿದ ಬೀಜ ಬಿತ್ತಿದಂತೆಯೇ ಖಾಲಿ. ಉಳಿದ ಜೋಳ ತೆನೆ ಕಟ್ಟಿದಾಗ ದಂಟು ಹತ್ತಿ ತೆನೆ ಕತ್ತರಿಸಿ ಕೆಳಗೆ ಬೀಳಿಸಿ ತಿಂದವು. ರೈತರಿಗೆ ಕಂದಾಯ ಕಟ್ಟಲೂ ಆಗಲಿಲ್ಲ. ಇಷ್ಟು ಇಲಿಗೆ ಇಷ್ಟು ಕಾಳು ಅಂತ ಕೂಲಿ ಕೊಟ್ಟು ವಡ್ಡರ ಕೈಲಿ ಹಿಡಿಸಿದರು. ಅವರು ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ ಅಂತ ಎಲಿಯಟ್ ಬರೆಯುತ್ತಾರೆ.

ವಿಷದ ಮಾತು. ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲ ತಾಗಿದ ಕೂಡಲೇ ಫಾಸ್ಫೀನ್ ಅನಿಲ ಆಗುತ್ತದೆ, ಅದೇ ಕೊಲ್ಲೋದು. ಮನುಷ್ಯ, ನಾಯಿ, ನವಿಲು ಯಾರು ತಿಂದರೂ ಅದೇ ಗತಿ, ಅದಕ್ಕೆ ಪ್ರತಿವಿಷ ಇಲ್ಲ. ಮೊದಲ ದಿನವೇ ವಿಷ ಇಟ್ಟರೆ ಇಲಿ ಸ್ವಲ್ಪ ತಿಂದು, ಹೊಟ್ಟೆ ಕೆಟ್ಟು, ಮತ್ತೆ ಆ ಕಡೆ ಮೂಸಿಯೂ ನೋಡೋದಿಲ್ಲ. ಅದಕ್ಕೇ ಎರಡು ಮೂರು ದಿನ ಎಣ್ಣೆ ಹಚ್ಚಿದ ಬರೀ ಕಾಳು ಇಟ್ಟು ರೂಢಿ ಮಾಡಿಸಿ ಆಮೇಲೆ 100ಕ್ಕೆ 2 ಭಾಗ ವಿಷ ಬೆರೆಸಿದ ಕಾಳು ಬಿಲದೊಳಗೆ ಇಡಬೇಕು. ಬಿಲದ ಹೊರಗೆ ಚೆಲ್ಲಬಾರದು. ಇದನ್ನು ಒಬ್ಬರೇ ಮಾಡಿದರೆ ಹಣ ದಂಡ. ನಿಮ್ಮ ಹೊಲ ಖಾಲಿಯಾದ ವಾರಕ್ಕೆ ಪಕ್ಕದವರ ಹೊಲದ ಇಲಿ ಬಂದು ಸೇರುತ್ತವೆ. ಸುತ್ತಲಿನ ಹೊಲದವರು ಒಟ್ಟಿಗೆ, ಬೆಳೆ ಇನ್ನೂ ಎಳೆಯದಾಗಿರುವಾಗಲೇ ಮಾಡಬೇಕು. ಬ್ರೋಮಾಡಿಯೋಲೋನ್ ಬಿಲ್ಲೆಗಳಿಗೆ ರೂಢಿ ಮಾಡಿಸುವ ಕೆಲಸ ಇಲ್ಲ, ಆದರೆ ಅದನ್ನು ತಿಂದು ತೂರಾಡುವ ಇಲಿಯನ್ನು ಗೂಬೆ ಹಿಡಿದರೆ ಗೂಬೆಗೂ ಅಪಾಯ. ಹಾಕುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೊಲದಲ್ಲಿ ಯಾವ ಇಲಿ ಇದೆ ಅಂತ ನೋಡಿಕೊಂಡು ಹೋಗಿ ಕೇಳಿ, 'ಇಲಿ ಆಗ್ಯಾವ' ಅಂತಷ್ಟೇ ಅಂದರೆ ಅವರೂ ಕೈಗೆ ಸಿಕ್ಕ ಪ್ಯಾಕೆಟ್ ಕೊಟ್ಟು ಕಳಿಸುತ್ತಾರೆ.

ಪ್ರಶ್ನೆ: ಪ್ಲೇಗ್ ಹರಡಿದ್ದು ಇಲಿ ಅಲ್ಲ, ಜರ್ಬಿಲ್ ಅಂತ ಎಲ್ಲೋ ಓದಿದೆ. ನಮ್ಮಜ್ಜಿ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಥೆ ಹೇಳುತ್ತಿದ್ದರು. ಹೊಲದಲ್ಲೇ ಜರ್ಬಿಲ್ ಇದ್ದರೆ ಅವರು ಬದುಕಿದ್ದು ಹೇಗೆ?
— ಓದುಗರು, ಬಸವಕಲ್ಯಾಣ

ಬಹಳ ಒಳ್ಳೆ ಪ್ರಶ್ನೆ. ನೀವು ಓದಿದ್ದು 2015ರ ಒಂದು ಅಧ್ಯಯನದ ಸುದ್ದಿ ಇರಬೇಕು. ಯುರೋಪಿಗೆ ಪ್ಲೇಗ್ ಮತ್ತೆ ಮತ್ತೆ ಬಂದದ್ದು ಅಲ್ಲಿನ ಇಲಿಗಳಲ್ಲಿ ಉಳಿದುಕೊಂಡು ಅಲ್ಲ, ಮಧ್ಯ ಏಷ್ಯಾದಲ್ಲಿ ಹವಾಮಾನ ಏರುಪೇರಾದ ಕೆಲವು ವರ್ಷಗಳ ನಂತರ ಹೊಸದಾಗಿ ಬಂದಿದ್ದು ಅನ್ನೋದು ಅದರ ವಾದ. ಅಲ್ಲಿನ ದೊಡ್ಡ ಜರ್ಬಿಲ್, ರಾಂಬೋಮಿಸ್ ಒಪಿಮಸ್, ಪ್ಲೇಗ್ ರೋಗಾಣುವಿನ ಹಳೆಯ ಆಸರೆ. ಪತ್ರಿಕೆಯವರು ಅದನ್ನೇ 'ಇಲಿ ನಿರಪರಾಧಿ, ಜರ್ಬಿಲ್ ಅಪರಾಧಿ' ಅಂತ ಮಾಡಿದರು. ಅಧ್ಯಯನ ಮಾಡಿದವರು ಅಷ್ಟು ನೇರವಾಗಿ ಹೇಳಿರಲಿಲ್ಲ. ಕಜಕಿಸ್ತಾನದಲ್ಲಿ ದಶಕಗಟ್ಟಲೆ ಲೆಕ್ಕ ಇಟ್ಟು ನೋಡಿದ್ದರಿಂದ ಒಂದು ಮಾತು ಮಾತ್ರ ಗಟ್ಟಿ: ಜರ್ಬಿಲ್ ಸಂಖ್ಯೆ ಒಂದು ಮಟ್ಟ ಮೀರಿದ ಮೇಲೆ, ಒಂದೆರಡು ವರ್ಷ ತಡವಾಗಿ, ಅವುಗಳಲ್ಲಿ ಪ್ಲೇಗ್ ಏಳುತ್ತದೆ.

ನಮ್ಮಲ್ಲಿ ಟಟೇರಾ ಇಂಡಿಕಾ ಕೂಡ ಪ್ಲೇಗಿಗೆ ಕಾಡಿನ ಆಸರೆ ಅಂತಲೇ ಲೆಕ್ಕ. ರೋಗಾಣು ತಗುಲಿದರೂ ಅದು ಮನೆ ಇಲಿಯಷ್ಟು ಸುಲಭವಾಗಿ ಸಾಯೋದಿಲ್ಲ, ಹಾಗಾಗಿ ರೋಗ ಬಿಲಗಳಲ್ಲೇ ಸದ್ದಿಲ್ಲದೆ ಉಳಿಯುತ್ತದೆ. ಅಲ್ಲಿಂದ ಚಿಗಟದ ಮೂಲಕ ಮನೆ ಇಲಿಗೆ ದಾಟಿದಾಗ ಊರಲ್ಲಿ ಇಲಿ ಪಟಪಟ ಬೀಳುತ್ತವೆ. ಇಲಿ ಸತ್ತು ಮೈ ತಣ್ಣಗಾದ ಕೂಡಲೇ ಚಿಗಟ ಬೇರೆ ಬಿಸಿ ಮೈ ಹುಡುಕುತ್ತದೆ, ಆಗ ಸಿಗೋದು ಮನೆಯವರು. ಚಿಗಟವೇ ರೋಗ ದಾಟಿಸುತ್ತದೆ ಅಂತ ಫ್ರಾನ್ಸಿನ ಪಾಲ್ ಲೂಯಿ ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ತೋರಿಸಿದರು. ಅದು ಗೊತ್ತಾಗುವ ಮೊದಲೇ ಇಲಿ ಬಿದ್ದರೆ ಊರು ಬಿಡಬೇಕು ಅಂತ ನಮ್ಮ ಜನಕ್ಕೆ ಗೊತ್ತಿತ್ತು. ನಿಮ್ಮಜ್ಜಿಯವರು ಬಿಟ್ಟು ಬಂದದ್ದು ಸತ್ತ ಇಲಿಗಳ ಹಸಿದ ಚಿಗಟಗಳನ್ನು. ಹೊಲದ ಜರ್ಬಿಲ್ ತನ್ನ ಬಿಲದಲ್ಲಿ ಜೀವಂತ ಇತ್ತು, ಅದರ ಚಿಗಟ ಅದರ ಮೈಮೇಲೇ ಇತ್ತು.

ಈಗ ಹೆದರಬೇಕಾ? 1994ರಲ್ಲಿ ನಮಗೆ ದೂರವಲ್ಲದ ಬೀಡ್ ಜಿಲ್ಲೆಯಲ್ಲಿ, ಆಮೇಲೆ ಸೂರತ್‌ನಲ್ಲಿ ಪ್ಲೇಗಿನ ಗಲಾಟೆ ಆಯಿತು. ಆದರೆ ಇಂದು ಪ್ಲೇಗಿಗೆ ಸ್ಟ್ರೆಪ್ಟೋಮೈಸಿನ್, ಡಾಕ್ಸಿಸೈಕ್ಲಿನ್ ಥರದ ಔಷಧಿ ಇವೆ, ಬೇಗ ಕೊಟ್ಟರೆ ವಾಸಿಯಾಗುತ್ತದೆ. ಮನೆಯಲ್ಲೋ ಕಣದಲ್ಲೋ ಒಟ್ಟಿಗೆ ಹಲವು ಇಲಿ ಕಾರಣವಿಲ್ಲದೆ ಸತ್ತು ಬಿದ್ದರೆ ಬರಿಗೈಯಲ್ಲಿ ಎತ್ತಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ. ಇಷ್ಟು ಸಾಕು.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಆನೆಕಾಲು ರೋಗದ ಗುಳಿಗೆ ಕೊಡಲು ಹೋದರೆ 'ಇದನ್ನ ಇಲಿ ಮ್ಯಾಲ ಟೆಸ್ಟ್ ಮಾಡಿ ನಮಗ ಕೊಡ್ತೀರೇನು' ಅಂತ ಜಗಳ ತೆಗೆಯುತ್ತಾರೆ. ಏನು ಹೇಳಲಿ?
— ಸುರಪುರ ತಾಲ್ಲೂಕು

ತಂಗಿ, 'ಹೌದು, ಇಲಿ ಮೇಲೆ ಮಾಡಿದ್ದಾರೆ, ಆಮೇಲೆ ನಮ್ಮ ಯಾದಗಿರಿ ಜನರ ಮೇಲೂ ಮಾಡಿ ನೋಡಿದ್ದಾರೆ, ಅದಕ್ಕೇ ಧೈರ್ಯವಾಗಿ ಕೊಡ್ತಿದ್ದೀವಿ' ಅಂತ ಹೇಳಿ. ಸುಳ್ಳಲ್ಲ.

ಆನೆಕಾಲು ರೋಗದ ಹುಳು ನಮ್ಮಲ್ಲಿ ಹೆಚ್ಚಾಗಿ ವುಚೆರೇರಿಯಾ ಬ್ಯಾಂಕ್ರಾಫ್ಟಿ. ಅದು ಮನುಷ್ಯರ ಮೈ ಬಿಟ್ಟು ಮಾಮೂಲಿ ಲ್ಯಾಬ್ ಪ್ರಾಣಿಗಳಲ್ಲಿ ಬೆಳೆಯೋದಿಲ್ಲ. ಸಂಶೋಧಕರಿಗೆ ಇದು ದೊಡ್ಡ ತಲೆನೋವು. ಹುಳು ಇಲ್ಲದೆ ಔಷಧಿ ಪರೀಕ್ಷೆ ಹೇಗೆ? ಅದರ ಹತ್ತಿರದ ನೆಂಟ ಬ್ರೂಜಿಯಾ ಮಲೈ, ಕೇರಳದ ಕೆಲವು ಕಡೆ ಆನೆಕಾಲು ತರುವ ಹುಳು, ಅದು ಮಂಗೋಲಿಯಾದ ಜರ್ಬಿಲ್ ಮೈಯಲ್ಲಿ ಬೆಳೆಯುತ್ತದೆ. ಸೊಳ್ಳೆಯಿಂದ ತೆಗೆದ ಮರಿಹುಳುಗಳನ್ನು ಜರ್ಬಿಲ್‌ನ ಹೊಟ್ಟೆಯ ಪೊರೆಯೊಳಗೆ ಬಿಟ್ಟರೆ ಕೆಲವು ತಿಂಗಳಲ್ಲಿ ದೊಡ್ಡವಾಗಿ, ಜೋಡಿಯಾಗಿ, ಮರಿ ಹಾಕುತ್ತವೆ. ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲೂ ಈ ಜರ್ಬಿಲ್ ಬಳಸಿ ಫೈಲೇರಿಯಾ (ಆನೆಕಾಲು ರೋಗ) ಕುರಿತ ಕೆಲಸ ನಡೆದಿದೆ. ಯಾವ ಔಷಧಿ ಮರಿಹುಳು ಮಾತ್ರ ಕೊಲ್ಲುತ್ತದೆ, ಯಾವುದು ದೊಡ್ಡ ಹುಳುವನ್ನೂ ಕೊಲ್ಲುತ್ತದೆ, ಯಾವುದು ಬಂಜೆ ಮಾಡುತ್ತದೆ ಅನ್ನೋದನ್ನು ಮೊದಲು ಇಲ್ಲಿ ನೋಡುತ್ತಾರೆ.

ಡಿಇಸಿ, ಆಲ್ಬೆಂಡಜೋಲ್ ಎಂಬ ಎರಡೇ ಗುಳಿಗೆ ಕೊಡುತ್ತಿದ್ದ ಕಡೆ ಐವರ್ಮೆಕ್ಟಿನ್ ಸೇರಿಸಿ ಮೂರು ಕೊಟ್ಟರೆ ಎಷ್ಟು ಸುರಕ್ಷಿತ ಅಂತ ಹಲವು ದೇಶಗಳಲ್ಲಿ ಸಮುದಾಯ ಮಟ್ಟದ ಅಧ್ಯಯನ ಆಯಿತು. ಭಾರತದಲ್ಲಿ ಅದು ನಡೆದದ್ದು ಯಾದಗಿರಿ ಜಿಲ್ಲೆಯಲ್ಲೇ, ಸಾವಿರಾರು ಜನ ಭಾಗವಹಿಸಿದ್ದರು. ನಂತರ ಮೂರು ಗುಳಿಗೆ ಪದ್ಧತಿ ಶುರು ಮಾಡಿದ ದೇಶದ ಮೊದಲ ಕೆಲವು ಜಿಲ್ಲೆಗಳಲ್ಲೂ ಯಾದಗಿರಿ ಇತ್ತು. ಗುಳಿಗೆ ತಗೊಂಡ ಮೇಲೆ ಕೆಲವರಿಗೆ ಜ್ವರ, ತಲೆನೋವು, ಮೈಕೈ ನೋವು ಬರುತ್ತದಲ್ಲ, ಅದು ಸಾಮಾನ್ಯವಾಗಿ ರಕ್ತದಲ್ಲಿದ್ದ ಮರಿಹುಳು ಸಾಯುವಾಗ ಆಗುವ ತೊಂದರೆ. ಹುಳು ಇದ್ದವರಿಗೇ ಅದು ಜಾಸ್ತಿ. ಹೀಗೆ ಬಿಡಿಸಿ ಹೇಳಿದರೆ ಜಗಳ ಕಡಿಮೆಯಾಗುತ್ತದೆ. ಗರ್ಭಿಣಿಯರಿಗೆ, 2 ವರ್ಷದೊಳಗಿನ ಮಕ್ಕಳಿಗೆ, ತೀರಾ ಕಾಯಿಲೆ ಬಿದ್ದವರಿಗೆ ಕೊಡುವುದಿಲ್ಲ ಅಂತಲೂ, ಖಾಲಿ ಹೊಟ್ಟೆಯಲ್ಲಿ ಬೇಡ ಅಂತಲೂ ನೀವು ಹೇಳುತ್ತಲೇ ಇರುತ್ತೀರಿ. ಮುಂದೆ ನಿಂತು ನುಂಗಿಸಿ ಬನ್ನಿ. ಕೈಯಲ್ಲಿ ಕೊಟ್ಟು ಬಂದ ಗುಳಿಗೆ ಸಂಜೆಗೆ ಗಟಾರದಲ್ಲಿ ಇರುತ್ತದೆ.

ಪ್ರಶ್ನೆ: ಜರ್ಬಿಲ್‌ಗೂ ಸಕ್ಕರೆ ಕಾಯಿಲೆ ಬರುತ್ತದಂತೆ? ನನಗೂ ಇದೆ, ಅದಕ್ಕೆ ಕುತೂಹಲ.
— ನಿವೃತ್ತ ಶಿಕ್ಷಕರು, ಆಳಂದ

ಬರುತ್ತದೆ ಗುರುಗಳೇ, ಎಲ್ಲಕ್ಕೂ ಅಲ್ಲ. ಉತ್ತರ ಆಫ್ರಿಕಾ, ಇಸ್ರೇಲ್ ಕಡೆ ಸಾಮೋಮಿಸ್ ಒಬೇಸಸ್ ಎಂಬ ದಪ್ಪ ಜರ್ಬಿಲ್ ಇದೆ. ಮರುಭೂಮಿಯಲ್ಲಿ ಉಪ್ಪುಪ್ಪಾದ ರಸಭರಿತ ಗಿಡದ ಎಲೆ ತಿಂದುಕೊಂಡು ಆರಾಮಾಗಿರುತ್ತದೆ. ಲ್ಯಾಬಿಗೆ ತಂದು ಬೇರೆ ಇಲಿಗಳಿಗೆ ಹಾಕುವ ಮಾಮೂಲಿ ಆಹಾರ ಹಾಕಿದರೆ ಸಾಕು, ಮೈ ಬಂದು ಸಕ್ಕರೆ ಏರಿಬಿಡುತ್ತದೆ. ಯಾಕೆ ಅಂತ ಅದರ ಪೂರ್ತಿ ಡಿಎನ್ಎ ಓದಿದವರಿಗೆ ಇನ್ನೊಂದು ಒಗಟು ಎದುರಾಯಿತು. ಇನ್ಸುಲಿನ್ ಕೆಲಸಕ್ಕೆ ಬೇಕೇಬೇಕಾದ ಪಿಡಿಎಕ್ಸ್1 ಎಂಬ ಜೀನ್ ಸೇರಿ ಹತ್ತಾರು ಜೀನ್ ಕಾಣಿಸಲೇ ಇಲ್ಲ! ಅದಿಲ್ಲದೆ ಬದುಕೋಕೆ ಸಾಧ್ಯವಿಲ್ಲ. 2017ರಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಆ ಜೀನ್‌ಗಳು ಅಲ್ಲೇ ಇದ್ದವು. ಆದರೆ ಅವು ಇರುವ ಡಿಎನ್ಎ ತುಂಡಿನಲ್ಲಿ, ಡಿಎನ್ಎ ಬರೆಯುವ ನಾಲ್ಕು ಅಕ್ಷರಗಳ ಪೈಕಿ ಜಿ ಮತ್ತು ಸಿ ಎಂಬೆರಡು ವಿಪರೀತ ತುಂಬಿಕೊಂಡು, ಬದಲಾವಣೆ ಬಹಳ ವೇಗವಾಗಿ ನಡೆದು, ಓದುವ ಯಂತ್ರಕ್ಕೇ ಸಿಗದಂತಾಗಿದ್ದವು. ನಿಮ್ಮ ಸಕ್ಕರೆಗೆ ಇದರಿಂದ ಇವತ್ತೇ ಉಪಯೋಗ ಇಲ್ಲ, ವಾಕಿಂಗ್ ಬಿಡಬೇಡಿ.

ಪ್ರಶ್ನೆ: ಮಗಳು ಹಟ ಹಿಡಿದಿದ್ದಾಳೆ, ಹೈದರಾಬಾದಿನಿಂದ ಒಂದು ಜರ್ಬಿಲ್ ತಂದು ಸಾಕೋಣ ಅಂತ. ಕಲಬುರಗಿ ಬಿಸಿಲಿಗೆ ಬದುಕುತ್ತಾ?
— ಗೃಹಿಣಿ, ಕಲಬುರಗಿ

ಅಂಗಡಿಯಲ್ಲಿ ಸಿಗುವುದು ನಮ್ಮ ಹೊಲದ್ದಲ್ಲ, ಮಂಗೋಲಿಯಾದ್ದು, ಮೆರಿಯೋನಿಸ್ ಅಂಗ್ವಿಕ್ಯುಲೇಟಸ್. 1867ರಲ್ಲಿ ಹೆಸರು ಪಡೆದ ಪ್ರಾಣಿ. 1935ರಲ್ಲಿ ಜಪಾನಿನವರು ಹಿಡಿದು ಸಾಕಿದ ಕೆಲವೇ ಜೋಡಿಗಳ ಸಂತಾನ 1954ರಲ್ಲಿ ಅಮೆರಿಕಕ್ಕೆ ಹೋಯಿತು. ಇಂದು ಲ್ಯಾಬ್‌ಗಳಲ್ಲಿ, ಮನೆಗಳಲ್ಲಿ ಇರುವ ಬಹುಪಾಲು ಅವುಗಳ ಮೊಮ್ಮಕ್ಕಳೇ. ಇಷ್ಟು ಹತ್ತಿರದ ಸಂಬಂಧದಲ್ಲೇ ಬೆಳೆದದ್ದರಿಂದಲೋ ಏನೋ ಕೆಲವಕ್ಕೆ ಗಾಬರಿಯಾದಾಗ ಮೂರ್ಛೆ ಬರುತ್ತದೆ, ಅದಕ್ಕೇ ಅಪಸ್ಮಾರದ ಸಂಶೋಧನೆಗೂ ಬಳಸುತ್ತಾರೆ. ಮಗಳು ಕೈಯಲ್ಲಿ ಹಿಡಿದಾಗ ಒಮ್ಮೆಲೆ ಸೆಟೆದು ನಡುಗಿದರೆ ಕಿರುಚಬೇಡಿ, ಮೆಲ್ಲಗೆ ಕೆಳಗಿಟ್ಟು ಸುಮ್ನೆ ಬಿಡಿ, ಸರಿಹೋಗುತ್ತದೆ.

ತರೋದಾದರೆ ಒಂದು ತರಬೇಡಿ, ಒಟ್ಟಿಗೆ ಬೆಳೆದ ಎರಡು ತನ್ನಿ. ಒಂಟಿಯಾಗಿ ಕೊರಗುತ್ತದೆ. ಎರಡೂ ಒಂದೇ ಲಿಂಗ ಇರಲಿ, ಇಲ್ಲದಿದ್ದರೆ ತಿಂಗಳೊಪ್ಪತ್ತಿನಲ್ಲಿ ಮರಿ ಕೊಡಲು ಅಕ್ಕಪಕ್ಕದ ಮನೆ ಹುಡುಕುತ್ತಿರುತ್ತೀರಿ. ಅಂಗಡಿಯವರು ಹ್ಯಾಮ್‌ಸ್ಟರ್ ಕೊಟ್ಟು ಜರ್ಬಿಲ್ ಅಂದರೆ ಬಾಲ ನೋಡಿ. ಹ್ಯಾಮ್‌ಸ್ಟರ್‌ಗೆ ಬಾಲ ಇದ್ದೂ ಇಲ್ಲದಂತೆ. ಬಾಲ ಹಿಡಿದು ಮಾತ್ರ ಎತ್ತಬೇಡಿ, ಬಾಲದ ಚರ್ಮ ಚೀಲದ ಹಾಗೆ ಕಳಚಿ ಕೈಗೆ ಬರುತ್ತದೆ, ಆ ಬಾಲ ಮತ್ತೆ ಬೆಳೆಯುವುದಿಲ್ಲ. ಜಾಳಿಗೆ ಪಂಜರ ಬೇಡ, ಗಾಜಿನ ತೊಟ್ಟಿಯಲ್ಲಿ ಆಳವಾಗಿ ಕಟ್ಟಿಗೆ ಹೊಟ್ಟು ತುಂಬಿ, ಅದಕ್ಕೆ ಬಿಲ ತೋಡದೆ ಇರಲು ಆಗೋದಿಲ್ಲ. ಹಿಂಗಾಲು ನೆಲಕ್ಕೆ ಬಡಿದು ಡಬಡಬ ಸದ್ದು ಮಾಡಿದರೆ ಏನೋ ಕಂಡು ಹೆದರಿದೆ ಅಂತ ಅರ್ಥ.

ಬಿಸಿಲಿನ ವಿಷಯಕ್ಕೆ ಬಂದರೆ, ಅದರ ತವರು ಚಳಿಯ ಹುಲ್ಲುಗಾವಲು. ನಮ್ಮ ಮೇ ತಿಂಗಳ 43 ಡಿಗ್ರಿ ಅದಕ್ಕಲ್ಲ. 30ರ ಆಚೀಚೆಯಿಂದಲೇ ಒದ್ದಾಟ ಶುರು. ಕೂಲರ್ ಇದೆಯಲ್ಲ ಅನ್ನಬೇಡಿ, ಕೂಲರಿನ ಗಾಳಿಯಲ್ಲಿ ತೇವ ಜಾಸ್ತಿ, ತೇವ ಹೆಚ್ಚಾದರೆ ಅದರ ಕೂದಲು ಜಿಡ್ಡುಗಟ್ಟಿ ನಿಂತುಬಿಡುತ್ತದೆ, ಕಾಯಿಲೆ ಬೀಳುತ್ತದೆ. ಎಸಿ ಇಲ್ಲದ ಮನೆಗೆ ತರಬೇಡಿ ಅಂತಲೇ ನನ್ನ ಸಲಹೆ. ಇದ್ದರೂ, ಕರೆಂಟ್ ಹೋದ ಮಧ್ಯಾಹ್ನಕ್ಕೆ ಇನ್ವರ್ಟರ್ ಎಸಿ ಎಳೆಯುತ್ತದಾ ಅಂತ ಮೊದಲು ಮನೆಯವರನ್ನು ಕೇಳಿ.